ಎಡಗೈಯ ಎರೆಹುಳ

ನಾನು ಒಂದು ಆಕ್ಸಲಾಟಲ್. ಹೆಸರು ಹೇಳಲು ನಾಲಿಗೆ ತೊಡರಿದರೆ ಬೇಸರ ಬೇಡ. ನನ್ನನ್ನು ಸಾಕಿದವರಿಗೂ ಅದು ಕೊನೆಯವರೆಗೆ ನೆಟ್ಟಗೆ ಬರಲಿಲ್ಲ. ನೀರಿನಲ್ಲಿ ಬಾಳುವ ಜೀವ ನನ್ನದು. ಮೀನಿನಂಥ ಬಾಲ, ಹಲ್ಲಿಯಂಥ ಕೈಕಾಲು, ಕುತ್ತಿಗೆಯ ಎರಡೂ ಬದಿಗೆ ಮೂರು ಮೂರು ಕೆಂಪು ಗರಿ. ಆ ಗರಿಗಳೇ ನನ್ನ ಉಸಿರು. ಕಣ್ಣಿಗೆ ರೆಪ್ಪೆಯಿಲ್ಲ, ಆದ್ದರಿಂದ ನೋಡಬಾರದ್ದು ಎದುರಿಗೆ ಬಂದಾಗಲೂ ಮುಚ್ಚಿಕೊಳ್ಳಲು ನನ್ನಲ್ಲಿ ಏನೂ ಇಲ್ಲ. ಬಾಯಿ ಮಾತ್ರ ಸದಾ ನಗುವಂತೆ ಮೇಲಕ್ಕೆ ಬಾಗಿದೆ. ಅದು ನಗುವಲ್ಲ, ಹುಟ್ಟುವಾಗ ಪಡೆದುಬಂದ ಆಕಾರ. ಮಾಡಿದವನು ಯಾಕೆ ಹಾಗೆ ಮಾಡಿದನೋ, ಅವನಿಗೇ ಗೊತ್ತು.

ನಮ್ಮ ಕುಲದ ಹಿರಿಯರು ದೂರದೇಶದ ತಣ್ಣನೆಯ ಸರೋವರದಲ್ಲಿದ್ದರಂತೆ. ನಾನು ಅದನ್ನು ಕಂಡವನಲ್ಲ. ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಸಾಲೋಮನ್ ಕಾಕಾನ ಮನೆಯ ಮುಂದಿನ ಕೋಣೆಯಲ್ಲಿ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಾಕಾ ನಿವೃತ್ತಿಯಾದ ಮೇಲೆ ಅದೇ ಕೋಣೆಯಲ್ಲಿ ಮೀನಿನ ಅಂಗಡಿ ಇಟ್ಟಿದ್ದ. ನೀರಗಿಡದ ಎಲೆಗೆ ಅಂಟಿಕೊಂಡ, ನೆನೆದ ಸಾಬೂದಾಣಿಯ ಕಾಳಿನಷ್ಟು ತತ್ತಿಯೊಳಗೆ ನಾನಿದ್ದೆ. ಹದಿನೈದು ದಿನ ಒಳಗೇ ಹೊರಳಾಡಿ, ಒಂದು ಬೆಳಗ್ಗೆ ಹೊರಗೆ ಬಂದೆ. ಮೊದಲು ಕಂಡದ್ದು ಗಾಜಿನಾಚೆ ಕಾಕಾನ ದಪ್ಪ ಕನ್ನಡಕ, ಅದರ ಹಿಂದೆ ನೀರಿನಂತೆಯೇ ತೇಲುವ ಎರಡು ಕಣ್ಣು.

ನಮ್ಮ ಎಳೆತನದಲ್ಲಿ ಒಂದು ಕೆಟ್ಟ ಗುಣವಿದೆ. ಹಸಿವಾದಾಗ ಎದುರಿಗೆ ಅಲುಗಿದ್ದನ್ನೆಲ್ಲ ಕಚ್ಚುತ್ತೇವೆ. ಅದು ಹುಳವೋ ಒಡಹುಟ್ಟಿದವರ ಕೈಯೋ ಎಂಬ ವಿವೇಕ ನಮಗಿಲ್ಲ. ಅದಕ್ಕೇ ಕಾಕಾ ಒಬ್ಬೊಬ್ಬರನ್ನು ಒಂದೊಂದು ಬಟ್ಟಲಿಗೆ ಬಿಡುತ್ತಿದ್ದ. ಆದರೆ ಒಂದು ದಿನ ಅವನ ಹಳೆಯ ಸಂಗಾತಿಯೊಬ್ಬ ತೀರಿಕೊಂಡ. ನೀರು ಬದಲಿಸುತ್ತಿದ್ದವನು ನಮ್ಮಿಬ್ಬರನ್ನು ಒಂದೇ ಬಟ್ಟಲಿನಲ್ಲಿ ಬಿಟ್ಟು ಮಣ್ಣಿಗೆ ಹೋದ; ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟರಲ್ಲಿ ನನ್ನ ಕಪ್ಪು ಅಕ್ಕ ನನ್ನ ಬಲಗೈಯನ್ನು ಬುಡದವರೆಗೆ ತಿಂದು ಮುಗಿಸಿದ್ದಳು. ನೋವಾಯಿತೇ ಎಂದರೆ ಆಯಿತು. ಸಿಟ್ಟು ಬಂತೇ ಎಂದರೆ ಬರಲಿಲ್ಲ. ಅವಳ ಹೊಟ್ಟೆ ತುಂಬಿತಲ್ಲ ಎನಿಸಿತು.

ಆ ವಾರವೇ ಅವರು ಬಂದರು.

ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅಂಗಡಿಯ ಕಟ್ಟೆಗೆ ಒಬ್ಬ ಮನುಷ್ಯ ಕೂತ. ಬನಹಟ್ಟಿಯ ನೇಕಾರ ಚನಮಲ್ಲಪ್ಪ. ಪಕ್ಕದಲ್ಲಿ ಮಗಳು ದಾಕ್ಷಾಯಣಿ, ಮನೆಯವರಿಗೆ ದಾಕ್ಷಿ. ಒಂಬತ್ತು ವರ್ಷದ ಹುಡುಗಿ. ದೊಡ್ಡಾಸ್ಪತ್ರೆಯಿಂದ ಆಗಷ್ಟೇ ಬಿಡಿಸಿಕೊಂಡು ಬಂದಿದ್ದರು. ಅವಳ ಬಲತೋಳು ಮೊಣಕೈ ದಾಟಿ ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಂದು, ಬಿಳಿ ಪಟ್ಟಿಯಲ್ಲಿ ಮುಗಿದುಹೋಗಿತ್ತು. ಅವಳು ಎದ್ದು ಗಾಜುಗಳನ್ನು ನೋಡುತ್ತ ಬಂದವಳು ನನ್ನ ಬಟ್ಟಲ ಮುಂದೆ ನಿಂತಳು.

"ಅಪ್ಪಾ, ಇದಕ್ಕೂ ಒಂದ ಕೈ ಇಲ್ಲ ನೋಡ."

ಕಾಕಾ ನಕ್ಕ. "ಅದರ ಅಕ್ಕ ತಿಂದಾಳವಾ. ಜಗಳ ಏನಿಲ್ಲ, ಹಸಿವು ಅಷ್ಟ. ನೀ ಅಂಜಬ್ಯಾಡ, ಎರಡ ತಿಂಗಳದಾಗ ಮತ್ತ ಬರತೈತಿ. ಬೆರಳ ಸುದ್ದಾ."

"ಖರೇನ?"

"ಏಸಪ್ಪನ ಆಣಿ. ಕೈ ಅಷ್ಟ ಅಲ್ಲ, ಕಾಲು, ಬಾಲ, ಏನ ಹೋದ್ರೂ ಚಿಗರತೈತಿ. ದೇವರು ಇವಕ್ಕ ಕೊಟ್ಟ ವರ ಅದು. ಮನಷ್ಯಾಗ ಮಾತ್ರ..."

ಕಾಕಾನ ಮಾತು ಅಲ್ಲೇ ನಿಂತಿತು. ಹುಡುಗಿಯ ತಲೆಯ ಮೇಲಿನಿಂದ ಚನಮಲ್ಲಪ್ಪ ಅವನನ್ನು ನೋಡುತ್ತಿದ್ದ. ಎರಡೂ ಕೈ ಜೋಡಿಸಿ, ಎದೆಯ ಹತ್ತಿರ ಹಿಡಿದು, ಸುಮ್ಮನೆ ನೋಡುತ್ತಿದ್ದ. ಹುಡುಗಿಗೆ ಅದು ಕಾಣಲಿಲ್ಲ. ಕೆಳಗಿದ್ದ ನನಗೆ ಕಂಡಿತು. ಸಾಲೋಮನ್ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡ.

"ಇದನ್ನ ಕೊಡ್ರಿ ಕಾಕಾ," ಎಂದ ಚನಮಲ್ಲಪ್ಪ. "ಅದರ ಅಕ್ಕನ್ನೂ ಕೊಡ್ರಿ."

ಕೊಡುವ ಮೊದಲು ಕಾಕಾ ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಹತ್ತು ಮಾತು ಹೇಳಿದ. "ದೊಡ್ಡವಾಗೂ ತನಕ ನಡುವ ಒಂದ ಗಾಜ ಹಾಕ್ರಿ. ಗಾಜಿನ ಟಾಕಿ ತಳಕ್ಕ ಹರಳು ಹಾಸಬ್ಯಾಡ್ರಿ, ನುಂಗಿ ಸಾಯ್ತಾವು. ಬಿಸಲಿಗೆ ಇಡಬ್ಯಾಡ್ರಿ. ನಮಗ ಸೆಕಿ ಅನ್ನೂದಕಿಂತ ಮೊದಲ ಇವಕ್ಕ ಜೀವಾ ಹೋಗತೈತಿ. ಬ್ಯಾಸಗ್ಯಾಗ ನೀರು ತಣ್ಣಗಿರಾಕ ಬರ್ಫಿನ ಬಾಟ್ಲಿ ಬಿಡ್ರಿ. ಎರೆಹುಳ ಹಾಕ್ರಿ, ದಿನಾ ಒಂದು. ಸುಮ್ಸುಮ್ಮನ ಕೈಯಾಗ ಹಿಡದ ಆಡಬ್ಯಾಡ್ರಿ. ನಳದ ನೀರು ಹಂಗs ಸುರವಬ್ಯಾಡ್ರಿ, ಅದರಾಗ ಔಷಧ ಇರತೈತಿ. ಒಂದ ದಿನ ಹಿಡದಿಟ್ಟು, ಆಮ್ಯಾಲ ಹಾಕ್ರಿ." ತನ್ನ ಟಾಕಿಯಿಂದ ಒಂದು ಹಳೆಯ ಸ್ಪಂಜನ್ನು ತೆಗೆದು ಕೊಟ್ಟ. ಹೊಸ ನೀರು ಹೊಲಸನ್ನು ತಾನೇ ಅರಗಿಸಿಕೊಳ್ಳಲು ಕಲಿಯಬೇಕಾದರೆ ಹಳೆಯ ನೀರಿನ ಸಂಗ ಬೇಕಂತೆ.

ನೀರನ್ನು ಯಾವ ಪಾತ್ರೆಯಲ್ಲಿ ಹಿಡಿದಿಡಬೇಕು ಎಂದು ಕಾಕಾ ಹೇಳಲಿಲ್ಲ. ಕೇಳಬೇಕೆಂದು ಇವರಿಗೂ ಹೊಳೆಯಲಿಲ್ಲ.

ಬನಹಟ್ಟಿಯ ಮನೆ ಅಂದರೆ ಮುಂದೆ ನಾಲ್ಕು ಪವರ್‌ಲೂಮ್, ಹಿಂದೆ ಅಡಿಗೆಮನೆ, ನಡುವಿನ ಗೋಡೆಗೆ ದೇವರ ಜಗಲಿ. ಆ ಜಗಲಿಯ ಪಕ್ಕದ ಮೂಲೆಗೆ, ಬಿಸಿಲು ಬೀಳದ ಕಡೆ, ನಮ್ಮ ಟಾಕಿ ಇಟ್ಟರು. ಮಗ್ಗಗಳ ಸದ್ದು ನನಗೆ ಸದ್ದಾಗಿ ಬರುವುದಿಲ್ಲ. ನೀರಿನ ನಡುಕವಾಗಿ ಮೈಗೆ ತಾಗುತ್ತದೆ. ಮಾತೂ ಹಾಗೆಯೇ. ಮೂರು ಮಗ್ಗ ಓಡುತ್ತಿದ್ದವು. ಒಂದು ಮಾತ್ರ ನಿಂತಿತ್ತು. ಅದರ ಮೇಲೆ ಗೋಣಿತಟ್ಟು ಹೊದಿಸಿದ್ದರು.

ದಾಕ್ಷಿಯ ಕೈ ಹೋದದ್ದು ಆ ಮಗ್ಗದಲ್ಲಿ. ಅಪ್ಪನಿಗೆ ಚಹಾ ಕೊಡಲು ಹೋಗಿದ್ದಳು. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಮೋಟರು ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಯಾರು ಬಂದು ಕೇಳಿದರೂ ಅವಳೇ ಹೇಳುತ್ತಿದ್ದಳು: "ನಂದs ತಪ್ಪು. ಅಪ್ಪ ಸನೇಕ ಬರಬ್ಯಾಡ ಅಂತ ಹೇಳಿದ್ದ, ನಾನs ಹೋದೆ." ಹಾಗೆ ಅವಳು ಹೇಳಿದಾಗಲೆಲ್ಲ ಚನಮಲ್ಲಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಅವನ ಹೆಂಡತಿ ನೀಲವ್ವ ದೈವಭಕ್ತೆ, ಮಾತಿನಲ್ಲಿ ಚೂರಿ. ನಮ್ಮನ್ನು ಮೊದಲ ಸಲ ಕಂಡಾಗ ಸೆರಗು ಬಾಯಿಗೆ ಹಿಡಿದಳು.

"ಹಲ್ಲಿ ತರಾಕ ಹುಬ್ಬಳ್ಳಿತನಕ ಹೋಗಬೇಕಿತ್ತೇನ್ರಿ? ನಮ್ಮ ಗ್ವಾಡಿಮ್ಯಾಲ ಪುಕಟ ಅದಾವು!"

"ಹಲ್ಲಿ ಅಲ್ಲಬೇ, ಇದು ಬೆಣ್ಣಿ," ಎಂದಳು ದಾಕ್ಷಿ. ನಾನು ಬೆಳ್ಳಗಿದ್ದೆ, ಹಾಗಾಗಿ ಬೆಣ್ಣಿ. ಅಕ್ಕ ಕರ್ರಗಿದ್ದಳು, ಅವಳು ಮಸಿ.

"ಬೆಣ್ಣೆಂತ! ಹಲ್ಲ ಕಿಸದು ನನ್ನ ನೋಡಿ ನಗತೈತಿ ನೋಡ ಭಾಡ್ಯಾ."

ಆ ಮನೆಯಲ್ಲಿ ಒಂದು ಸಂಗತಿ ದಿನವೂ ನನ್ನ ಕಣ್ಣೆದುರು ನಡೆಯುತ್ತಿತ್ತು. ಊಟದ ಹೊತ್ತಿಗೆ ನೀಲವ್ವ ಮಗಳ ಮುಂದೆ ಕೂತು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಡುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ, ಎಡಗೈ ನೆಟ್ಟಗಿದೆ. ಆದರೆ ಎಡಗೈಯಿಂದ ಅನ್ನ ಮುಟ್ಟುವುದು ಆ ಮನೆಯಲ್ಲಿ ಇಲ್ಲ. "ಬಲಗೈ ಬರೂತನಕ ನಾ ಉಣಸತೀನಿ ಬಾ," ಎನ್ನುತ್ತಿದ್ದಳು ತಾಯಿ. ಇದರ ಹಾಗೆ ನಿನ್ನ ಕೈಯೂ ಬರುತ್ತದೆ ಎಂದು ಅಪ್ಪ ಬಸ್ಸಿನಲ್ಲಿಯೇ ಹೇಳಿದ್ದ, ಮಗಳು ಅದನ್ನು ತಾಯಿಗೆ ಹೇಳಿದ್ದಳು. ಉಂಡಾದ ಮೇಲೆ ದಾಕ್ಷಿ ಹಿತ್ತಿಲಿಗೆ ಹೋಗಿ, ಬಚ್ಚಲ ನೀರು ಹರಿಯುವ ಹಸಿ ಮಣ್ಣು ಕೆದಕಿ ಎರೆಹುಳ ತಂದು ನನ್ನ ಬಾಯಿಯ ಮುಂದೆ ಹಿಡಿಯುತ್ತಿದ್ದಳು, ಎಡಗೈಯಿಂದಲೇ. ನನಗೆ ಅನ್ನ ಅಂದರೆ ಆ ಎಡಗೈ. ತನ್ನ ಬಾಯಿಗೆ ಒಲ್ಲದ ಕೈಯಿಂದ ಅವಳು ನನ್ನ ಹೊಟ್ಟೆ ತುಂಬಿದಳು.

ನನ್ನ ಕೈ ಚಿಗುರತೊಡಗಿತು. ಮೊದಲು ಒಂದು ಗಂಟು, ಜೋಳದ ಮೊಳಕೆಯಷ್ಟು. ಆಮೇಲೆ ಅದು ಚಪ್ಪಟೆಯಾಗಿ ದೋಣಿಯ ಹುಟ್ಟಿನ ಹಾಗಾಯಿತು. ಆಮೇಲೆ ಅದರಲ್ಲಿ ಸೀಳು ಮೂಡಿ ಬೆರಳು ಕಂಡವು. ದಾಕ್ಷಿ ಗಾಜಿಗೆ ಒಂದು ಕಾಗದದ ಪಟ್ಟಿ ಅಂಟಿಸಿಕೊಂಡಿದ್ದಳು. ಐದು ದಿನಕ್ಕೊಮ್ಮೆ ಅಪ್ಪನನ್ನು ಕರೆದು ನನ್ನ ಕೈಯ ಉದ್ದಕ್ಕೆ ಗೆರೆ ಹಾಕಿಸುತ್ತಿದ್ದಳು. ಎಡಗೈಯಲ್ಲಿ ಪೆನ್ಸಿಲ್ ಹಿಡಿಯಲು ಅವಳು ಒಪ್ಪಿರಲಿಲ್ಲ. ಗೆರೆ ಹಾಕಿಸಿದ ಮೇಲೆ, ಪಟ್ಟಿ ಬಿಚ್ಚಿದ ತನ್ನ ಮೊಂಡುತೋಳನ್ನೂ ಗಾಜಿಗೆ ಹಚ್ಚಿ ನೋಡುವಳು. ಗಾಜಿನ ಆಚೆ ಅವಳದು, ಈಚೆ ನನ್ನದು. ಬನಶಂಕರಿಯ ಜಾತ್ರೆ ನಡೆಯುವ ಬನದ ಹುಣ್ಣಿಮೆಯ ಹೊತ್ತಿಗೆ ನನ್ನದು ನಾಲ್ಕು ಬೆರಳಿನ ಪೂರ್ತಿ ಕೈಯಾಯಿತು.

"ಅಪ್ಪಾ, ನಂದು ಯಾವಾಗ?"

ಚನಮಲ್ಲಪ್ಪ ನೀರಿಗೆ ಮುಖ ಮಾಡಿ ನಿಂತಿದ್ದ. ಅವನ ಮುಖ ನನಗೆ ಪೂರ್ತಿ ಕಂಡಿತು, ಮಗಳಿಗೆ ಬರೀ ಬೆನ್ನು.

"ಅದು ಗೇಣುದ್ದದ ಜೀವ, ಲಗೂನ ಬಂತು. ನೀ ದೊಡ್ಡಾಕಿ ಅಲ್ಲೇನು? ತಡಾ ಆಕೈತಿ."

"ಎಷ್ಟ ತಡಾ?"

"ಬರತೈತಿ ತಗೋ."

ಆಕೆ ಅದನ್ನು ನಂಬಿದಳು. ನಂಬಿದ್ದು ಅವಳ ತಪ್ಪಲ್ಲ; ಅವಳ ಕಣ್ಣೆದುರೇ ಒಂದು ಬಂದಿತ್ತಲ್ಲ! ಶಾಲೆಯ ಬಾಯಾರು, ಅವಳ ಟೀಚರು, ಎರಡು ಸಲ ಮನೆಗೆ ಬಂದರು. ಎಡಗೈಯಲ್ಲಿ ಬರೆಯುವುದನ್ನು ಕಲಿಸೋಣ, ಎಷ್ಟೋ ಜನ ಬರೆಯುತ್ತಾರೆ ಎಂದರು. ದಾಕ್ಷಿ ಪಾಟಿ ಮುಟ್ಟಲಿಲ್ಲ. "ಬಲಗೈ ಬಂದ ಮ್ಯಾಲ ಸಾಲಿಗೆ ಬರ್ತೀನ್ರಿ ಬಾಯಾರ. ಸುಮ್ಮನ ಎರಡೆರಡ ಸಲ ಯಾಕ ಕಲೀಬೇಕು?" ಬಾಯಾರು ತಂದೆಯ ಕಡೆ ನೋಡಿದರು. ತಂದೆ ಮಗ್ಗದಲ್ಲಿ ಹರಿದ ಎಳೆ ಜೋಡಿಸಲು ಹೋದ. ಹಾಗೆ ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಹುಡುಗಿ ಗಾಜಿನ ಮುಂದೆ ಕೂತು ಕಾಯುವುದನ್ನೇ ಒಂದು ಕೆಲಸ ಮಾಡಿಕೊಂಡಳು.

ಸುಳ್ಳು ಒಬ್ಬರಲ್ಲಿಯೇ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ನೀಲವ್ವ ಗಂಡನನ್ನು ಟಾಕಿಯ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳಿದಳು.

"ನನ್ನ ಮುಂದ ಖರೇ ಹೇಳ್ರಿ. ಬರತೈತೇನು?"

"ಡಾಕ್ಟರು ಹೇಳ್ಯಾರ," ಎಂದ ಅವನು. "ದೇವರ ಮನಸ ಬೇಕಂತ."

ಡಾಕ್ಟರು ಹಾಗೆ ಹೇಳಿರಲಿಲ್ಲ ಎಂದು ಅವನ ಬೆರಳು ನನಗೆ ಹೇಳಿದವು. ಗಾಜಿಗೆ ಅಂಟಿಸಿದ ಪಟ್ಟಿಯ ಅಂಚನ್ನು ಅವು ಉಗುರಿನಿಂದ ಕೆರೆದು ಎಬ್ಬಿಸುತ್ತಿದ್ದವು.

ದೇವರ ಮನಸ್ಸು ಬೇಕು ಎಂದ ಮೇಲೆ ನೀಲವ್ವ ಸುಮ್ಮನೆ ಕೂಡುವವಳೇ? ಅವಳ ಕಣ್ಣಿಗೆ ನಾನು ಅಂದಿನಿಂದ ಹಲ್ಲಿಯಾಗಿ ಉಳಿಯಲಿಲ್ಲ. ಹೋದ ಕೈ ಬಂದ ಜೀವ, ಬನಶಂಕರಿ ಮುಟ್ಟಿದ ಜೀವ. ಇಂಥ ಜೀವಕ್ಕೆ ಬ್ಯಾರಲ್ಲಿನ ನೀರೇ? ಆ ಊರಿನಲ್ಲಿ ನಳ ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿ ತುಂಬಿಟ್ಟ ನೀರನ್ನೇ ಅಲ್ಲಿಯವರೆಗೆ ನಮಗೆ ಹಾಕುತ್ತಿದ್ದರು. ಆ ಬ್ಯಾರಲ್ಲಿನ ಪಕ್ಕದಲ್ಲಿಯೇ ನೂಲಿಗೆ ಹಾಕುವ ಗಂಜಿಯ ವಾಸನೆ, ಎಣ್ಣೆಯ ಕೈ, ಎಂಜಲ ತಂಬಿಗೆ.

"ಮೈಲಿಗಿ ನೀರಾಗ ಇಟ್ಟು ವರಾ ಬೇಡಿದ್ರ ಎಲ್ಲಿಂದ ಬರತೈತಿ?" ಎಂದಳು. ತವರಿನಿಂದ ಬಳುವಳಿಯಾಗಿ ಬಂದ ಎರಡು ತಾಮ್ರದ ಕೊಡಗಳನ್ನು ಜಗಲಿಯ ಕೆಳಗಿನಿಂದ ತೆಗೆದಳು. ಹುಣಸೆಹುಳಿ ಹಚ್ಚಿ, ಹೊಸದರಂತೆ ಕೆಂಪಗೆ ಹೊಳೆಯುವವರೆಗೆ ತಿಕ್ಕಿದಳು. ನೀರು ತುಂಬಿ, ಕೊರಳಿಗೆ ವಿಭೂತಿ ಹಚ್ಚಿ, ಮೇಲೆ ಪತ್ರಿ ಇಟ್ಟು, ದೇವರ ಮುಂದೆ ನಾಲ್ಕು ದಿನ ಇಟ್ಟಳು. ಐದು ಸೋಮವಾರ ಹೀಗೆ ಮಾಡುತ್ತೇನೆ, ತಾಯಿ, ನನ್ನ ಮಗಳ ಕೈ ಕೊಡು ಎಂದು ಬೇಡಿಕೊಂಡಳು. ಬೇಡುವಾಗ ಆಕೆ ಅತ್ತಳು. ಅಷ್ಟು ಶುದ್ಧವಾದ ಮನಸ್ಸನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಮೊದಲ ಸೋಮವಾರ ಆ ನೀರು ನಮ್ಮ ಟಾಕಿಗೆ ಬಿತ್ತು. ಆಮೇಲೆ ನಮ್ಮದೇ ನೀರನ್ನು ಒಂದು ತಂಬಿಗೆ ತೆಗೆದು ದಾಕ್ಷಿಯ ಮೊಂಡುತೋಳಿಗೆ ಹೊಯ್ದಳು. ಹುಡುಗಿ ಕಣ್ಣು ಮುಚ್ಚಿಕೊಂಡು, "ಬೆಣ್ಣಿ, ನಿನ್ನಂಗ ನಂದೂ ಬರಲಿ," ಎಂದಳು.

ತಾಮ್ರ ನಿಮಗೆ ಪವಿತ್ರ. ನಿಮ್ಮ ಹೊಟ್ಟೆಗೆ ಅದು ಹಿತವೂ ಇರಬಹುದು. ನಮ್ಮ ಚರ್ಮ ಚರ್ಮವಲ್ಲ, ನೀರು ಸೋಸುವ ತೆಳು ಅರಿವೆ. ನೀರಿನಲ್ಲಿ ಏನಿದೆಯೋ ಅದೆಲ್ಲ ನೇರ ನಮ್ಮ ರಕ್ತಕ್ಕೆ ಬರುತ್ತದೆ. ಹುಳಿ ಹಚ್ಚಿ ತಿಕ್ಕಿದ ತಾಮ್ರದಲ್ಲಿ ನಾಲ್ಕು ದಿನ ನಿಂತ ನೀರು ನನ್ನ ಗರಿಗಳಿಗೆ ಮೆಣಸಿನಕಾಯಿಯ ಹೊಗೆಯಂತೆ ತಾಗಿತು. ಮೈಮೇಲೆ ಬಿಳಿ ಲೋಳೆ ಎದ್ದಿತು. ನನ್ನ ಗರಿಗಳು ಮುಂದಕ್ಕೆ ಮುರುಟಿಕೊಂಡವು. ಮಸಿ ಮೇಲಕ್ಕೆ ನೆಗೆದು ಗಾಳಿ ನುಂಗಿ, ಗಾಜಿಗೆ ಬಡಿದು ಕೆಳಗೆ ಬಿದ್ದಳು. ಮತ್ತೆ ನೆಗೆದಳು.

"ನೋಡ್ರಿ, ಎಷ್ಟ ಆಡ್ಲಿಕತ್ತಾವು!" ಎಂದು ನೀಲವ್ವ ಕೈಮುಗಿದಳು.

ಕೂಗಿ ಹೇಳಲು ನಮಗೆ ದನಿಯಿಲ್ಲ. ನನ್ನ ಬಾಯಿ ಎಂದಿನಂತೆ ನಗುತ್ತಲೇ ಇತ್ತು.

ನಾವು ಉಣ್ಣುವುದನ್ನು ಬಿಟ್ಟೆವು. ದಾಕ್ಷಿ ಹಿಡಿದ ಎರೆಹುಳ ನನ್ನ ಮೂಗಿನ ಮುಂದೆ ಹೊರಳಿ ಹೊರಳಿ ನಿಂತುಹೋಯಿತು. ಉಣ್ಣದಿದ್ದರೆ ನೀರು ಕೆಟ್ಟಿರಬೇಕೆಂದು ನೀಲವ್ವ ಇನ್ನೊಂದು ಕೊಡ ತಂದು ಸುರಿದಳು. ಮೇಲಿನಿಂದ ಬಿದ್ದ ಆ ತಣ್ಣನೆಯ ನೀರಿನಲ್ಲಿ ಹೂವಿನ ಪಕಳೆಯೊಂದು ತೇಲಿತು. ಐದನೆಯ ದಿನ ಬೆಳಗಿನ ಪೂಜೆಯ ಹೊತ್ತಿಗೆ ಮಸಿ ಬೆನ್ನಡಿಯಾಗಿ ತೇಲುತ್ತಿದ್ದಳು. ನನ್ನ ಬಲಗೈಯ ಎರಡು ಬೆರಳು ಕೊಳೆತು ಉದುರಿದ್ದವು. ಮಸಿ ನನ್ನ ಒಡಹುಟ್ಟಿದವಳು, ನನ್ನ ಕೈ ತಿಂದವಳು. ಒಂದೇ ಎಲೆಗೆ ಅಂಟಿಕೊಂಡು ಹುಟ್ಟಿದವರು ನಾವು.

ದಾಕ್ಷಿಯ ಚೀರಾಟಕ್ಕೆ ಚನಮಲ್ಲಪ್ಪ ಮಗ್ಗ ಬಿಟ್ಟು ಓಡಿಬಂದ. ಫೋನು ತೆಗೆದು ಹುಬ್ಬಳ್ಳಿಗೆ ಹಚ್ಚಿದ. ಸ್ಪೀಕರಿನಲ್ಲಿ ಸಾಲೋಮನ್ ಕಾಕಾನ ದನಿ ಬಂತು. ಒಂದೊಂದೇ ಕೇಳುತ್ತ ಹೋದ. ಬಿಸಿಲು? ಇಲ್ಲ. ಹರಳು? ಇಲ್ಲ. ನೀರು? ಹಿಡಿದಿಟ್ಟದ್ದೇ.

"ಯಾತರಾಗ ಹಿಡದಿಟ್ರಿ?"

"ತಾಮ್ರದ ಕೊಡದಾಗ್ರಿ," ಎಂದಳು ನೀಲವ್ವ ಮುಂದೆ ಬಂದು. "ಹುಳಿ ಹಚ್ಚಿ ಛಂದಂಗ ತಿಕ್ಕೇನಿ. ದೇವರ ಮುಂದ ಇಟ್ಟೇನಿ."

ಆ ಕಡೆ ಕಾಕಾ ಕುರ್ಚಿ ಎಳೆದು ಕೂತ.

"ತಂಗೀ, ತಾಮ್ರ ಇವಕ್ಕ ವಿಷ. ನಾ ಹೇಳಬೇಕಿತ್ತವಾ. ನಂದs ತಪ್ಪಾತು. ಉಳದದ್ದನ್ನ ಈಗಿಂದೀಗ ಪ್ಲಾಸ್ಟಿಕ್ ಬಕೀಟಿಗೆ ಹಾಕ್ರಿ. ಬ್ಯಾರಲ್ಲಿನ ನೀರು. ದಿನಾ ಬದಲ ಮಾಡ್ರಿ. ಉಳದ್ರ ದೇವರ ದಯಾ."

ನನ್ನನ್ನು ಬಕೆಟ್ಟಿಗೆ ಹಾಕಿದರು. ಅಲ್ಲಿ ಬಿದ್ದುಕೊಂಡೇ ನಾನು ಮೇಲೆ ಮೂರು ಮುಖಗಳನ್ನು ನೋಡಿದೆ.

ನೀಲವ್ವ ನೆಲಕ್ಕೆ ಕುಸಿದು ಕೂತಿದ್ದಳು. ಅಳಲಿಲ್ಲ. ಮಸಿಯನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕಾಕಾಂದೇನ ತಪ್ಪಲ್ಲ. ನಾ ಕೊಂದೆ. ಗೊತ್ತಿಲ್ಲದ ಮಾಡಿದೆ, ಆದ್ರ ಮಾಡಿದಾಕಿ ನಾನ. ದಾಕ್ಷೀ, ನಿನ್ನ ಮಸೀನ ನಿಮ್ಮವ್ವ ಕೊಂದ್ಲು."

ಹುಡುಗಿ ಬಕೆಟ್ಟಿನ ಹತ್ತಿರದಿಂದ ಎದ್ದು ಬಂದಳು. ತಾಯಿಯ ಪಕ್ಕ ಕೂತು ಅವಳ ತೋಳಿಗೆ ತಲೆ ಇಟ್ಟಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಅಪ್ಪಾ, ಈಗ ನನ್ನ ಕೈ ಬರಂಗಿಲ್ಲೇನು?"

ಮಗ್ಗಗಳು ನಿಂತಿದ್ದವು. ಬಕೆಟ್ಟಿನ ನೀರು ಅಲುಗಾಡದೆ ನಿಂತಿತ್ತು. ಚನಮಲ್ಲಪ್ಪ ಹೆಂಡತಿಯನ್ನು ನೋಡಿದ, ಅವಳ ಸೆರಗಿನಲ್ಲಿದ್ದ ಕಪ್ಪು ದೇಹವನ್ನು ನೋಡಿದ. ತಿಳಿಯದೆ ಮಾಡಿದವಳು ಒಪ್ಪಿಕೊಂಡು ನೆಲದಲ್ಲಿ ಕೂತಿದ್ದಳು. ತಿಳಿದೂ ಮಾಡಿದವನು ನಿಂತಿದ್ದ.

"ಬರಂಗಿಲ್ಲವಾ," ಎಂದ. "ಮೊದಲ ಗೊತ್ತಿತ್ತು ನನಗ. ಮನಷ್ಯಾರಿಗೆ ಬರಂಗಿಲ್ಲ. ಡಾಕ್ಟರು ಏನೂ ಹೇಳಿದ್ದಿಲ್ಲ."

"ಮತ್ತ ಯಾಕ ಹೇಳಿದಿ?"

ಅವನು ಗೋಣಿತಟ್ಟು ಹೊದಿಸಿದ ಮಗ್ಗದ ಕಡೆ ಕೈ ಮಾಡಿದ. ಮಾತು ಎಳೆ ಹರಿದ ಹಾಗೆ ಹರಿದು ಹರಿದು ಬಂತು.

"ಆ ಬೆಲ್ಟಿಗೆ ಒಂದ ಜಾಳಗಿ ಇತ್ತು, ದಾಕ್ಷೀ. ಕಬ್ಬಿಣದ್ದು. ಅದು ಸಡ್ಲ ಆಗಿ ದಿನಾ ಗಡಗಡ ಅಂತಿತ್ತು. ತಲಿ ತಿನ್ನಾಕತ್ತಿತ್ತು. ಒಂದ ಬೋಲ್ಟ ತಿರುವಿದ್ರ ಆಗತಿತ್ತು. ನಾ ಬಿಗಿ ಮಾಡಲಿಲ್ಲ, ಬಿಚ್ಚಿ ಒಗದೆ. ಎಂಟ ದಿನದ ಮ್ಯಾಲ ನೀ ಚಹಾ ತಂದಿ. ನಿಂದೇನೂ ತಪ್ಪಿದ್ದಿಲ್ಲ. ಜಾಳಗಿ ಇದ್ದಿದ್ರ ನಿನ್ನ ಅಂಗಿ ಒಳಗ ಹೋಗತಿದ್ದಿಲ್ಲ."

ನೀಲವ್ವ ಗಂಡನ ಕಡೆ ತಿರುಗಿದಳು. ಮಸಿಯನ್ನು ಪಕ್ಕಕ್ಕಿಟ್ಟು, ಮಗಳ ಮೊಂಡುತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ದಾಕ್ಷಿ ಅಪ್ಪನನ್ನು ನೋಡಿದಳು. ಎಂಟು ತಿಂಗಳು ತನ್ನ ತಪ್ಪು ಎಂದು ಹೊತ್ತುಕೊಂಡು ತಿರುಗಿದ್ದು ತನ್ನದಲ್ಲ ಎಂದು ಗೊತ್ತಾದವಳ ಮುಖದಲ್ಲಿ ಹಗುರ ಇರಬೇಕಲ್ಲವೇ? ಇರಲಿಲ್ಲ. ಅವಳು ಎದ್ದು ಬಕೆಟ್ಟಿನ ಹತ್ತಿರ ಬಂದು, ಬಗ್ಗಿ, ನನ್ನ ಉದುರಿದ ಬೆರಳುಗಳ ಜಾಗವನ್ನು ನೋಡಿದಳು.

ಮಸಿಯನ್ನು ಹಿತ್ತಿಲಲ್ಲಿ, ಎರೆಹುಳ ಸಿಗುವ ಹಸಿ ಮಣ್ಣಿನಲ್ಲಿ ಇಟ್ಟರು. ಅಗೆದದ್ದು ಚನಮಲ್ಲಪ್ಪ. ಮಗಳು ಹತ್ತಿರ ಹೋಗಲಿಲ್ಲ.

ಅಂದು ಮಧ್ಯಾಹ್ನ ನೀಲವ್ವ ರೊಟ್ಟಿ ಮುರಿದು ಮಗಳ ಬಾಯಿಗೆ ಹಿಡಿದಾಗ ದಾಕ್ಷಿ ಬಾಯಿ ತೆರೆಯಲಿಲ್ಲ. ತಾಯಿಯ ಕೈಯಿಂದ ತುತ್ತನ್ನು ಎಡಗೈಗೆ ಇಸಿದುಕೊಂಡಳು. ತಾನೇ ಪಲ್ಯ ಹಚ್ಚಿಕೊಂಡು ತಿಂದಳು. ಪಲ್ಯ ಕೆಳಗೆ ಚೆಲ್ಲಿತು. ನೀಲವ್ವ ದೇವರ ಕಡೆ ಒಮ್ಮೆ ನೋಡಿ, ಇನ್ನೊಂದು ರೊಟ್ಟಿಯನ್ನು ತಾಟಿನ ಎಡಬದಿಗೆ ಇಟ್ಟಳು.

ಸಂಜೆ ಹುಡುಗಿ ಪೆನ್ಸಿಲ್ಲನ್ನು ಎಡಗೈಯಲ್ಲಿ ಹಿಡಿದು ಒಂದು ಕಾಗದದ ಮೇಲೆ ಏನೋ ಬರೆದಳು. ಬಹಳ ಹೊತ್ತು ಹಿಡಿಯಿತು. ಎರಡು ಕಾಗದ ಹರಿದುಹೋದವು. ಮೂರನೆಯದನ್ನು ಖಾಲಿ ಟಾಕಿಯ ಗಾಜಿಗೆ, ನನ್ನ ಕೈ ಅಳೆದ ಪಟ್ಟಿಯನ್ನು ಕಿತ್ತು ತೆಗೆದ ಜಾಗದಲ್ಲಿ, ಅಂಟಿಸಿದಳು. ನಾನು ಓದಲಾರೆ. ಟಾಕಿಗೆ ಮರಳಿದ ಮೇಲೆ ನನಗೆ ಕಂಡದ್ದು ಬೆಳಕಿಗೆ ಹಿಡಿದ ಕಾಗದದ ಹಿಂಬದಿ, ಒಂದಕ್ಕೊಂದು ಬೀಳುವ ಸೊಟ್ಟ ಗೆರೆಗಳು. ನೀಲವ್ವ ಒಮ್ಮೆ ಗಟ್ಟಿಯಾಗಿ ಓದಿದಾಗ ಗೊತ್ತಾಯಿತು: ತಾಮ್ರದ ನೀರು ಹಾಕಬ್ಯಾಡ್ರಿ.

ಜೂನಿನಲ್ಲಿ ಅವಳು ಶಾಲೆಗೆ ಹೋದಳು.

ನನ್ನ ಬೆರಳು ಮತ್ತೆ ಚಿಗುರಿದವು, ಆದರೆ ಎರಡರ ಬದಲು ಒಂದೇ. ಈಗ ಬಲಗೈಗೆ ಮೂರೇ ಬೆರಳು. ವರ ಕೊಟ್ಟವನೂ ಒಮ್ಮೊಮ್ಮೆ ದಣಿಯುತ್ತಾನೇನೋ. ಅದಾಗಿ ಒಂಬತ್ತು ಬೇಸಿಗೆ ಕಳೆದಿವೆ. ನನಗೆ ವಯಸ್ಸಾಗಿದೆ. ನಮ್ಮ ಕುಲದಲ್ಲಿ ಮೈ ಬೆಳೆದರೂ ರೂಪ ಬೆಳೆಯುವುದಿಲ್ಲ. ಮರಿಯಾಗಿದ್ದಾಗಿನ ಗರಿಗಳನ್ನು ಹೊತ್ತುಕೊಂಡೇ ಮುದುಕರಾಗುತ್ತೇವೆ. ನನ್ನ ಗರಿಗಳು ಈಗ ತೆಳ್ಳಗಾಗಿ ಬಣ್ಣ ಬಿಟ್ಟಿವೆ. ಮೂಗಿನ ಹತ್ತಿರದ ಹುಳ ಕಾಣುವುದಿಲ್ಲ, ವಾಸನೆ ಹಿಡಿದು ಹೋಗುತ್ತೇನೆ; ದೂರದ್ದು ಮಾತ್ರ ಇನ್ನೂ ಕಾಣುತ್ತದೆ.

ದಾಕ್ಷಿಗೆ ಹದಿನೆಂಟು. ನನ್ನ ಪಕ್ಕದಲ್ಲಿ ಮೇಜು ಹಾಕಿಕೊಂಡು, ಚೌಕುಳಿಯ ಕಾಗದದ ಮೇಲೆ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಾಳೆ. ಎಡಗೈ ಓಡುವುದನ್ನು ನೋಡಿದರೆ ಬಲಗೈ ಎಂದಾದರೂ ಇತ್ತೇ ಎನಿಸಬೇಕು. ಊರವರು ಹಾಗೆಯೇ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಕೆಲಸದ ನಡುವೆ ಅವಳ ಮೊಂಡುತೋಳು ಕಾಗದ ಜಾರದಂತೆ ಒತ್ತಿ ಹಿಡಿಯಲು ತಾನಾಗಿಯೇ ಮುಂದೆ ಬಂದು, ಬೆರಳಿಲ್ಲದ್ದು ನೆನಪಾಗಿ ಅರೆಕ್ಷಣ ನಿಲ್ಲುವುದನ್ನು ನಾನು ದಿನವೂ ನೋಡುತ್ತೇನೆ.

ಆ ಮಗ್ಗದ ಗೋಣಿತಟ್ಟನ್ನು ಚನಮಲ್ಲಪ್ಪ ಅಂದೇ ತೆಗೆದ. ಜಾಳಿಗೆಯನ್ನು ಹುಡುಕಿ ತಂದು ಹಾಕಿದ. ಬೋಲ್ಟು ಎಷ್ಟು ಬಿಗಿ ಮಾಡಿದರೂ ಅದು ಗಡಗಡ ಎನ್ನುವುದನ್ನು ಬಿಡಲಿಲ್ಲ. ನಾಲ್ಕು ಮಗ್ಗಗಳ ನಡುಕದಲ್ಲಿ ಆ ಒಂದು ಗಡಗಡ ಬೇರೆಯಾಗಿಯೇ ನನ್ನ ನೀರಿಗೆ ಬರುತ್ತದೆ, ಇಡೀ ದಿನ, ಒಂಬತ್ತು ವರ್ಷದಿಂದ. ಅವನು ಅದನ್ನು ಕೇಳಿಸಿಕೊಳ್ಳುತ್ತಲೇ ನೇಯುತ್ತಾನೆ.

ಅಂದಿನಿಂದ ಮಗಳು ಅವನನ್ನು ಅಪ್ಪಾ ಎಂದು ಕರೆದಿಲ್ಲ. ಜಗಳವಿಲ್ಲ, ಸಿಟ್ಟಿನ ಮಾತಿಲ್ಲ. ತಾಟು ಇಡುತ್ತಾಳೆ, ಅಂಗಿ ಒಗೆದು ಒಣಹಾಕುತ್ತಾಳೆ. ಹೇಳುವುದಿದ್ದರೆ ತಾಯಿಗೆ ಹೇಳುತ್ತಾಳೆ. "ದಾಕ್ಷೀ, ಎಷ್ಟ ದಿನಾ ಹಿಂಗs? ನಾನೂ ಒಂದ ಜೀವಾ ಕೊಂದಾಕಿ, ನನಗ ಮಾತಾಡ್ತಿ," ಎಂದು ನೀಲವ್ವ ಒಮ್ಮೆ ಅಂಗಲಾಚಿದಳು. "ನೀ ಅವತ್ತs ಹೇಳಿದಿಬೇ," ಎಂದಳು ಮಗಳು, ನಕ್ಷೆಯಿಂದ ಕಣ್ಣೆತ್ತದೆ.

ತಂದೆ ಮಗಳ ನಡುವೆ ನೇರವಾಗಿ ಉಳಿದಿರುವುದು ಒಂದೇ ಮಾತು. ಅದು ನನ್ನ ಮಾತು. ಬೇಸಿಗೆಯಲ್ಲಿ ಚನಮಲ್ಲಪ್ಪ ದಿನಕ್ಕೆ ಮೂರು ಸಲ ಬರ್ಫಿನ ಬಾಟಲಿ ತಂದು ನನ್ನ ನೀರಿಗೆ ಬಿಡುತ್ತಾನೆ. ತನ್ನ ಮಗ್ಗದಲ್ಲಿ ನೇಯ್ದ ಹತ್ತಿ ಬಟ್ಟೆಯನ್ನು ನೆನೆಸಿ ಗಾಜಿಗೆ ಸುತ್ತುತ್ತಾನೆ. ಆಗ ದಾಕ್ಷಿ ಗೋಡೆಗೆ ಹೇಳುವವಳಂತೆ ಕೇಳುತ್ತಾಳೆ:

"ಬೆಣ್ಣಿ ನೀರು ಬದಲಿ ಮಾಡ್ಯಾತೇನು?"

"ಮಾಡೇನವಾ."

"ಬ್ಯಾರಲ್ಲಿಂದೇನು?"

"ಬ್ಯಾರಲ್ಲಿಂದವಾ."

ಅಷ್ಟೇ. ಅವನು ಆ 'ವಾ' ಎನ್ನುವುದನ್ನು ಸ್ವಲ್ಪ ಎಳೆದು ಹೇಳುತ್ತಾನೆ, ಮತ್ತೇನಾದರೂ ಕೇಳಿಯಾಳೇನೋ ಎಂದು ನಿಲ್ಲುತ್ತಾನೆ, ಆಮೇಲೆ ಮಗ್ಗಕ್ಕೆ ಹೋಗುತ್ತಾನೆ.

ಈ ಬೇಸಿಗೆ ನನಗೆ ಭಾರವಾಗಿದೆ. ನೆಲದಿಂದ ಏಳಲು ಮನಸ್ಸಿಲ್ಲ. ಹೋಗುವ ಭಯ ನನಗಿಲ್ಲ; ಮಸಿ ಹೋದ ಹಸಿ ಮಣ್ಣು ಹಿತ್ತಿಲಲ್ಲಿಯೇ ಇದೆ, ಕರೆಯುವವನು ಕರೆದಾಗ ಅಲ್ಲಿಗೆ ಹೋಗುವುದು. ನನಗೆ ಹೋದದ್ದೆಲ್ಲ ಮತ್ತೆ ಬರುತ್ತದೆ ಎಂದು ಸಾಲೋಮನ್ ಕಾಕಾ ದೇವರ ಆಣೆ ಮಾಡಿ ಹೇಳಿದ್ದ. ನನ್ನ ಮೈಯ ಮಟ್ಟಿಗೆ ಅದು ನಿಜವಾಯಿತು. ನನ್ನ ಮೈಯ ಹೊರಗೆ ಏನು ಚಿಗುರುತ್ತದೆ, ಏನು ಚಿಗುರುವುದಿಲ್ಲ ಎಂಬುದು ನನ್ನ ಅಳವಿನದಲ್ಲ. ನಾನು ಹೋದ ದಿನ ಈ ಟಾಕಿ ಬರಿದಾಗುತ್ತದೆ. ಬರಿದಾದ ಟಾಕಿಗೆ ನೀರು ಬದಲಿ ಮಾಡಬೇಕಾದ್ದಿಲ್ಲ. ಬದಲಿ ಮಾಡ್ಯಾತೇನು ಎಂದು ಕೇಳಬೇಕಾದ್ದೂ ಇಲ್ಲ.

ಇಗೋ, ದಾಕ್ಷಿಯ ಎಡಗೈ ನೀರಿಗೆ ಇಳಿದಿದೆ. ಬೆರಳ ತುದಿಯಲ್ಲಿ ಎರೆಹುಳದ ವಾಸನೆ. ಹಿಂದೆ ಚನಮಲ್ಲಪ್ಪ ಬರ್ಫಿನ ಬಾಟಲಿ ಹಿಡಿದು, ತನ್ನ ಸರದಿಗಾಗಿ ನಿಂತಿದ್ದಾನೆ. ನನಗೆ ಹಸಿವಿಲ್ಲ. ಆದರೂ ಬಾಯಿ ತೆರೆಯುತ್ತೇನೆ.